ಕೈಯಿಂದ ಕೈಗೆ

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಚಕ್ರ ಸೆರಗನ್ನು ಕಚ್ಚಿಕೊಂಡಾಗ ಸರ್ವಮಂಗಳ ಒಂದೇ ಸಲ ಕೂಗಿದಳು. ಅಷ್ಟರಲ್ಲಿ ಸೆರಗು ಕುತ್ತಿಗೆಗೆ ಸುತ್ತಿ ಬಿಗಿಯಿತು. ಹಣ್ಣಿನ ರಾಶಿಯ ಮೇಲೆ ಮುಗ್ಗರಿಸಿದವಳಿಗೆ ಕಣ್ಣು ಕತ್ತಲಿಟ್ಟಿತು.

ಪಕ್ಕದ ತೋಟದ ಮರುಳಸಿದ್ದಪ್ಪನವರು ಬೇಲಿ ನುಗ್ಗಿಕೊಂಡು ಓಡಿಬಂದರು. ಆ ಬೇಲಿಯ ಜಗಳದಿಂದಲೇ ಎರಡೂ ಮನೆಗಳ ನಡುವೆ ಮಾತು ನಿಂತು ನಾಲ್ಕು ವರ್ಷವಾಗಿತ್ತು. ಮೆಣಸಿನ ಬಳ್ಳಿ ಕೊಯ್ಯಲೆಂದು ಶನಿವಾರಸಂತೆಯಲ್ಲಿ ಕೊಂಡ ಮಡಚುವ ಚಾಕು ಸದಾ ಅವರ ಜೇಬಿನಲ್ಲಿರುತ್ತಿತ್ತು. ಅದರ ಬಾಗಿದ ಅಲಗು ಬಿಚ್ಚಿ, ಬಿಗಿದ ಸೆರಗನ್ನು ಯಂತ್ರದ ಬಾಯಲ್ಲೇ ಕೊಯ್ದರು. ಚಾಕು ಅಲ್ಲೇ ಎಸೆದು ಸ್ವಿಚ್ ಆರಿಸಿದರು.

"ನಿಧಾನಕ್ಕೆ ಉಸಿರಾಡಮ್ಮ," ಎಂದರು. ಅವಳು ಚೇತರಿಸಿಕೊಂಡ ಮೇಲೆ, ತುಂಡಾದ ಸೆರಗು ನೋಡಿ ಸಂಕೋಚಪಟ್ಟರು. "ಒಳ್ಳೇ ಸೀರೆ ಹಾಳು ಮಾಡ್ಬಿಟ್ಟೆ."

ಸರ್ವಮಂಗಳ ಚಾಕು ಹುಡುಕಿ ಎತ್ತಿಕೊಂಡಳು. ಅಲಗಿಗೆ ಅಂಟಿದ್ದ ಕಾಫಿ ಸಿಪ್ಪೆ ಒರೆಸಿ, ಮಡಚಿ ಅವರತ್ತ ಚಾಚಿದಳು. ಅವರು ಹಿಂಜರಿದರು.

"ನೆಲದ ಮೇಲಿಡಮ್ಮ. ಚಾಕು ಕೈಯಿಂದ ಕೈಗೆ ಕೊಟ್ರೆ ಜಗಳ ಬರುತ್ತಂತೆ."

"ಆಗೋ ಜಗಳವೆಲ್ಲ ಆಗಿಹೋಗಿದೆ ಮಾವ," ಎಂದು ಅಳುತ್ತಲೇ ನಕ್ಕವಳು, ಅವರ ಅಂಗೈ ಬಿಡಿಸಿ ಚಾಕುವನ್ನು ಅದರೊಳಗಿಟ್ಟು, ಎರಡೂ ಕೈಯಿಂದ ಮುಚ್ಚಿದಳು.