ಹಡಗಿನ ಮೇಲೊಂದು ಒಡಪು

ಚೀಟಿ ಅವಳ ಪರ್ಸಿನ ಒಳಜಿಪ್ಪಿನಲ್ಲಿತ್ತು. ಮಹೇಶ ಹುಡುಕಿದ್ದು ವಾಂತಿಯ ಗುಳಿಗೆಯನ್ನು. ಸಿಕ್ಕಿದ್ದು ನಾಲ್ಕು ಮಡಿಕೆಯ ನೋಟ್‌ಬುಕ್ ಹಾಳೆ.

‘ಹಡಗಿನ್ಯಾಗ ಮಾಡೂ ಕೆಲಸ’ ಎಂದು ಮೇಲೆ ಬರೆದಿತ್ತು. ಒಂದು: ಸೂರ್ಯ ಹುಟ್ಟೂದು ನೋಡೂದು. ಎರಡು: ಎಲ್ಲಾ ನಮೂನಿ ಐಸ್‌ಕ್ರೀಮ್ ತಿನ್ನೂದು. ಮೂರು: ಗೋವಾದಾಗ ಇಳಿಯೂದಿಲ್ಲ. ಎಲ್ಲಾರೂ ಇಳದ ಮ್ಯಾಲ ಇಡೀ ಹಡಗ ನಮ್ಮಿಬ್ಬರದ.

ಕೆಳಗೆ ಹೆಸರಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಬಲಕ್ಕೆ ಬಾಗಿದ ಆ ಅಕ್ಷರ ಮಹೇಶನಿಗೆ ಚೆನ್ನಾಗಿ ಗೊತ್ತಿತ್ತು. ತನ್ನದಲ್ಲ. ಬೇರೊಬ್ಬ ಗಂಡಸಿನದು.

ಕ್ಯಾಬಿನ್ನಿನ ಸ್ನಾನದ ಮನೆಯ ಚಿಲಕದ ಸದ್ದಾಯಿತು. ಹಾಳೆಯನ್ನು ಇದ್ದ ಮಡಿಕೆಯಲ್ಲೇ ಮಡಚಿಟ್ಟ.

“ಗುಳಿಗಿ ಸಿಕ್ಕತೇನೋ ಮಹೇಶಾ?” ದಾಕ್ಷಾಯಿಣಿ ಕೂದಲು ಒರೆಸುತ್ತ ಕೇಳಿದಳು.

“ಇಲ್ರಿ. ನೀವ ನೋಡ್ರಿ.”

ಮದುವೆಯಾಗಿ ಎಂಟು ತಿಂಗಳು. ಗೋಕಾಕದಲ್ಲಿ ಹಿರಿಯರು ಒಂದು ಸಂಜೆ ಕೂತು ಮುಗಿಸಿದ ಮಾತು. ಅವಳು ಬೇಡ ಅನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಅವನ ಅಂಗಿಗೆ ಗುಂಡಿ ಹಚ್ಚಿದಳು. ಜ್ವರ ಬಂದಾಗ ಹಣೆಗೆ ತಣ್ಣೀರ ಪಟ್ಟಿ ಇಟ್ಟಳು. ಅಷ್ಟನ್ನು ದವಾಖಾನೆಯ ಸಿಸ್ಟರ್ ಕೂಡ ಮಾಡುತ್ತಾಳೆ. ಎಲ್ಲಿಗಾದರೂ ಹೋಗಿಬರೋಣ ಎಂದು ಅವನೇ ಕೇಳಿದ. ಊಟಿ ಅಂದ, ಮೈಸೂರು ಅಂದ.

“ಹಡಗು,” ಎಂದಳು.

ಎಂಟು ತಿಂಗಳಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಕೋರ್ಟಿನ ಎದುರಿನ ತನ್ನ ಝೆರಾಕ್ಸ್ ಅಂಗಡಿಗೆ ಬೀಗ ಜಡಿದು, ಮುಂಬೈಯಿಂದ ಗೋವೆಗೆ ಹೋಗಿ ಮರಳುವ ಹಡಗಿಗೆ ಟಿಕೆಟ್ ಮಾಡಿಸಿದ. ನನ್ನ ಹತ್ತಿರ ಏನೋ ಕೇಳಿದಳಲ್ಲ ಎಂದು ದಾರಿಯುದ್ದಕ್ಕೂ ಹಿಗ್ಗಿದ್ದ. ಯಾರ ಆಸೆಗೆ ಟಿಕೆಟ್ ತೆಗೆಸಿದ್ದೇನೆ ಎಂಬುದು ಈಗ ಗೊತ್ತಾಯಿತು.

ಆದರೂ ಒಂದು ಹಟ ಹುಟ್ಟಿತು. ಈ ಹಡಗು ದಡ ಸೇರುವುದರೊಳಗೆ ಆ ಮನುಷ್ಯ ಅವಳ ಮನಸ್ಸಿನಿಂದ ಇಳಿಯಬೇಕು. ಇಲ್ಲಿ ಇಳಿಯದವನು ಮನೆಯಲ್ಲಂತೂ ಇಳಿಯುವುದಿಲ್ಲ.

ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಕಟಕಟೆ ಹಿಡಿದು ನಿಂತಿದ್ದಳು. ಮಹೇಶ ಬಂದು ನಿಂತಾಗ ತುಸು ಸರಿದಳು. ನಡುವೆ ಒಬ್ಬ ಮನುಷ್ಯ ಹಿಡಿಸುವಷ್ಟು ಜಾಗ ಉಳಿಯಿತು. ತಿಂಡಿಯ ನಂತರ ಹನ್ನೊಂದು ಬಗೆಯ ಐಸ್‌ಕ್ರೀಮನ್ನು ಒಂದೊಂದು ಚಮಚೆ ಹಾಕಿಸಿಕೊಂಡು, ಕಣ್ಣು ಮುಚ್ಚಿ ತಿಂದಳು. ಒಂದು, ಎರಡು ಎಂದು ಅವನು ಒಳಗೇ ಗೆರೆ ಎಳೆದ.

ಪಕ್ಕದ ಮೇಜಿನಲ್ಲಿ ಹುಕ್ಕೇರಿಯ ಬೀಜದ ವ್ಯಾಪಾರಿ ಕೆಂಚಪ್ಪ, ಅವರ ಹೆಂಡತಿ ಯಮನವ್ವ. ಕನ್ನಡ ಕಿವಿಗೆ ಬಿದ್ದದ್ದೇ ತಡ, ಯಮನವ್ವ ಶೇಂಗಾ ಹೋಳಿಗೆಯ ಡಬ್ಬಿಯ ಸಮೇತ ಇವರ ಮೇಜಿಗೆ ಬಂದಿದ್ದರು.

“ಏನ್ರಿ ತಮ್ಮಾರ, ನೀವು ಹೆಂಡ್ತಿಗಿ ರೀ ಅಂತೀರಿ, ಆಕಿ ನಿಮ್ಮನ್ನ ಹೆಸರ ಹಿಡದ ಕರೀತಾಳ. ಉಲ್ಟಾ ಅಲ್ಲೇನ್ರಿ ಇದು?”

“ರೂಢಿ ಬಿದ್ದೈತ್ರಿ ಅಕ್ಕಾರ,” ಎಂದ ಮಹೇಶ.

“ಛಲೋ ರೂಢಿ ಐತಿ. ನಾನೂ ಹಚ್ಚಿಕೊಳ್ಳಲೇನು?” ಎಂದು ಯಮನವ್ವ ಗಂಡನ ಕಡೆ ನೋಡಿದರು.

“ನೀ ಕರೀದಿದ್ರೂ ನಾ ಓಡಿ ಬರತೇನಲ್ಲ ಮಾರಾಯ್ತಿ,” ಎಂದರು ಕೆಂಚಪ್ಪ.

ದಾಕ್ಷಾಯಿಣಿ ನಕ್ಕಳು. ಬಾಯ್ತುಂಬ ನಕ್ಕಳು. ಮಹೇಶನ ಎದೆ ಬೆಚ್ಚಗಾಯಿತು.

ಗೋವೆಯಲ್ಲಿ ಎಲ್ಲರೂ ಇಳಿಯಲು ಸಾಲು ಹಚ್ಚಿದರು. ಅವಳು ಕುರ್ಚಿ ಬಿಟ್ಟು ಏಳಲಿಲ್ಲ.

“ನಾ ಇಳಿಯಾಂಗಿಲ್ಲ. ನೀ ಹೋಗಿ ಬಾ.”

“ನಾನೂ ಇಲ್ಲೇ ಇರತೇನ್ರಿ.”

“ಬ್ಯಾಡೋ. ಹೋಗಿ ಬಾ,” ಎಂದಳು. ದನಿ ಮೆತ್ತಗಿತ್ತು. ಅದಕ್ಕೇ ಹೆಚ್ಚು ಚುಚ್ಚಿತು.

ಅವನು ಗೋವೆ ನೋಡಲಿಲ್ಲ. ಬಂದರಿನ ಸಿಮೆಂಟ್ ಕಟ್ಟೆಯ ಮೇಲೆ ಮೂರು ತಾಸು ಕೂತು ಹಡಗನ್ನೇ ನೋಡಿದ. ಏಳನೆಯ ಅಂತಸ್ತಿನಲ್ಲಿ ಹಸಿರು ಸೀರೆಯ ಒಂದು ಚುಕ್ಕಿ ಆ ತುದಿಯಿಂದ ಈ ತುದಿಗೆ ನಿಧಾನ ನಡೆಯುತ್ತಿತ್ತು, ಪಕ್ಕದಲ್ಲಿ ಯಾರೋ ಇದ್ದಾರೆಂಬಂತೆ.

ಮರಳಿ ಹೊರಟ ಹಡಗಿನಲ್ಲಿ ಸಂಜೆಯ ಚಹಾಕ್ಕೆ ಹುಕ್ಕೇರಿ, ಮೂಡಲಗಿ ಕಡೆಯ ನಾಲ್ಕಾರು ಜೋಡಿಗಳು ಸೇರಿದವು. ಹೆಂಗಸರೆಲ್ಲ ಒಡಪು ಕಟ್ಟಿ ಗಂಡನ ಹೆಸರು ಹೇಳಬೇಕೆಂದು ಯಮನವ್ವ ಅಪ್ಪಣೆ ಮಾಡಿದರು. ಮೊದಲು ತಾವೇ ಎದ್ದರು.

“ಹುಕ್ಕೇರಿ ಸಂತ್ಯಾಗ ಹಸಿ ಮೆಣಸಿನಕಾಯಿ ಖಾರ, ಕೆಂಚಪ್ಪರ ಗೊರಕಿಗಿ ನಡಗತೈತಿ ಊರ!”

ನಗೆ ಎದ್ದಿತು. ಯಮನವ್ವ ದಾಕ್ಷಾಯಿಣಿಯ ಕೈ ಎಳೆದರು. “ಏಳ ತಂಗಿ. ಮಹೇಶಾ ಮಹೇಶಾ ಅಂತ ಒದರಿದ್ರ ಅದು ಹೆಸರ ಹೇಳಿದಂಗಲ್ಲ. ಗಂಡನ ಹೆಸರ ಅಂದ್ರ ಅಗ್ಗದ್ದೇನ? ಒಡಪ ಹಾಕಿ ಹೇಳು.”

ದಾಕ್ಷಾಯಿಣಿಯ ಮುಖ ಕೆಂಪೇರಿತು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಮಹೇಶನ ಎದುರು ಅವಳು ಹಾಗೆ ನಾಚಿದ್ದು ಇದೇ ಮೊದಲು. ಅವನು ಚಹಾದ ಕಪ್ಪು ಕೆಳಗಿಟ್ಟ. ಹೇಳುತ್ತಾಳೆ. ಈಗ ಹೇಳಿಯೇ ಹೇಳುತ್ತಾಳೆ.

ಹೆಂಗಸರು ತಾಳ ಹಾಕಿದರು. ಎಷ್ಟೋ ಕುಬಸ, ತೊಟ್ಟಿಲ ಕಾರ್ಯಗಳಲ್ಲಿ ಹೇಳಿ ಹೇಳಿ ಪಳಗಿದ ನಾಲಿಗೆ ತಡವರಿಸಲೇ ಇಲ್ಲ.

“ನಾಗನೂರ ಮಣ್ಣಾಗ ಬೆಳದೈತಿ ಕಾಯ, ಕೈ ಹಿಡದ ನಡಿಸ್ಯಾರ ನನ್ನ ಸಿದ್ರಾಯ.”

ಚಪ್ಪಾಳೆ ಬಿತ್ತು. ದಾಕ್ಷಾಯಿಣಿಯ ಕೈ ಬಾಯಿಗೆ ಹೋಯಿತು. ಮುಖದ ಕೆಂಪೆಲ್ಲ ಇಳಿಯಿತು.

“ಸಿದ್ರಾಯ?” ಯಮನವ್ವ ಹುಬ್ಬೇರಿಸಿದರು. “ಅಂದ್ರ ತಮ್ಮಾರ, ಮಹೇಶ ಅನ್ನೂದು ನಿಮ್ಮ ಕರಿಯೂ ಹೆಸರೇನ್ರಿ?”

ದಾಕ್ಷಾಯಿಣಿ ಅವನ ಕಡೆ ನೋಡಿದಳು. ಎಂಟು ತಿಂಗಳಲ್ಲಿ ಮೊದಲ ಸಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

“ಹೌದ್ರಿ ಅಕ್ಕಾರ,” ಎಂದ ಮಹೇಶ. “ನನ್ನ ಖರೇ ಹೆಸರ ಅದ.”

ಮತ್ತೆ, ನಾಲ್ಕು ವರ್ಷದ ಹಿಂದೆ ತಾನೇ ಕುಣಿಗಿಳಿದು ಮಣ್ಣಿಗಿಟ್ಟು ಬಂದ ಅಣ್ಣನ ಹೆಂಡತಿಗೆ, ಎಲ್ಲರೊಂದಿಗೆ ತಾನೂ ಚಪ್ಪಾಳೆ ತಟ್ಟಿದ.