ಬಾಲ ಕೊಯ್ದ ವಿಮಾನ

ಆಟದ ವಿಮಾನ ಬಯಲು ದಾಟಿ ಮರಗಳತ್ತ ಹೊರಟಿದ್ದೇ ತಡ, ಮುದುಕ ಬಡಗಿಯ ಹೆಂಡತಿ ಚಪ್ಪಲಿ ಕಳಚಿ ಓಡಲು ಹೊರಟಳು. "ನಿಲ್ಲೇ, ಓಡ್ಬೇಡ!" ಎಂದು ಕೂಗಿದ ಬಡಗಿ, ಕೈಯಲ್ಲಿದ್ದ ರಿಮೋಟನ್ನು ಅವಳ ಕೈಗೆ ತುರುಕಿದ.

ಹಗುರ ಮರದ ಕಡ್ಡಿಗಳಿಗೆ ತೆಳು ಕಾಗದ ಹೊದಿಸಿ ಅವನೇ ಮಾಡಿದ ವಿಮಾನವದು. ನಲವತ್ತು ವರ್ಷ ಅದು ಗಾಳಿ ಒಯ್ದತ್ತ ಹೋಗುತ್ತಿತ್ತು. ಬೇಲಿ ಹಾರಿ ಹುಡುಕಿ ತರುತ್ತಿದ್ದವಳು ಅವಳು. ಮಂಡಿ ಊದಿಕೊಂಡ ಮೇಲೂ ನೋವೆಂದು ಬಾಯಿಬಿಟ್ಟವಳಲ್ಲ. ಕಳೆದ ವಾರ ಅವನು ಎದೆ ಗಟ್ಟಿ ಮಾಡಿಕೊಂಡು ವಿಮಾನದ ಬಾಲ ಕೊಯ್ದು, ಅತ್ತಿತ್ತ ತಿರುಗುವ ತುಂಡು ಜೋಡಿಸಿ, ಹೊಟ್ಟೆಯೊಳಗೆ ರಿಮೋಟಿನ ಮಾತು ಕೇಳುವ ರೇಡಿಯೋ ಕೂರಿಸಿದ್ದ. ಕಾರಣ ಮಾತ್ರ ಹೇಳಿರಲಿಲ್ಲ.

"ರಿಮೋಟಿನ ಮೇಲಿರೋ ಆ ಕಡ್ಡೀನ ಮೆಲ್ಲಗೆ ಎಡಕ್ಕೆ ತಳ್ಳು."

"ಬಿದ್ದು ಮುರಿದ್ರೆ ನನ್ನ ಬೈಬೇಡಿ ಮತ್ತೆ!" ಉಸಿರು ಬಿಗಿಹಿಡಿದು ತಳ್ಳಿದಳು. ಇನ್ನೇನು ಕೊಂಬೆಗೆ ತಾಗಬೇಕು, ಅಷ್ಟರಲ್ಲಿ ವಿಮಾನ ವಾಲಿ, ತಿರುಗಿ, ಅವರತ್ತಲೇ ಬರತೊಡಗಿತು.

"ಅಯ್ಯೋ, ಕರೆದ್ರೆ ಬರುತ್ತಲ್ರೀ ಇದು!" ಹುಡುಗಿಯಂತೆ ನಕ್ಕಳು. ಮರುಕ್ಷಣ ತನ್ನ ಮಂಡಿಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. "ನನಗೋಸ್ಕರ ಬಾಲ ಕುಯ್ದ್ರಾ?"

"ಮೇಲೆ ನೋಡೇ, ಬೀಳುತ್ತೆ," ಎಂದು ಬಡಗಿ ಗದರಿದ. "ನನ್ನ ಮುಖದಲ್ಲೇನಿದೆ?"