ಮ್ಯೂಟ್ ಮಾಡಿ ಆಡಿದ ಮಾತು

ಆಟಿಕೆ ಕಂಪನಿಯ ಆನ್‌ಲೈನ್ ಮೀಟಿಂಗಿನಲ್ಲಿ ಮ್ಯಾನೇಜರು ಹೊಸ ಕತ್ತೆ ಗೊಂಬೆಯನ್ನು ಬಾಯ್ತುಂಬ ಹೊಗಳಿದರು. ಆಮೇಲೆ ಮೈಕನ್ನು ಮ್ಯೂಟ್ ಮಾಡಿ, ಮುಖದ ನಗುವನ್ನು ಹಾಗೇ ಉಳಿಸಿಕೊಂಡು, ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಹೆಂಡತಿಗೆ ಹೇಳಿದರು: "ಈ ಕತ್ತೆನ ಯಾರು ಕೊಳ್ತಾರೆ ಹೇಳು? ಯಜಮಾನರ ಮಗಳ ಐಡಿಯಾ ಅಂತ ತಲೆ ಆಡಿಸ್ತಿದೀನಿ ಅಷ್ಟೆ."

ಮರುಕ್ಷಣ ಚಾಟಿನಲ್ಲಿ ಒಂದು ಸಾಲು ಮೂಡಿತು. ಬರೆದವಳು ಗೊಂಬೆಗಳ ಡಬ್ಬಿಗೆ ಚಿತ್ರ ಬಿಡಿಸಲು ಹೊಸದಾಗಿ ಸೇರಿದ್ದ ಹುಡುಗಿ. "ಸರ್, ಈ ಕತ್ತೆನ ಯಾರೂ ಕೊಳ್ಳಲ್ಲ ಅಂತ ಈಗ ಮನೆಯವರಿಗೆ ಹೇಳಿದ್ರಲ್ಲ, ಡಬ್ಬಿ ಕೆಲಸ ಮುಂದುವರಿಸಲಾ, ಬಿಡಲಾ?"

ಯಜಮಾನರ ಮಗಳು ಅವತ್ತು ರಜೆಯಲ್ಲಿದ್ದದ್ದು ಮ್ಯಾನೇಜರ ಪುಣ್ಯ. ಅವರು ತಡಬಡಾಯಿಸಿ ಮೈಕು ಆನ್ ಮಾಡಿದರು.

"ನಾನು ಮ್ಯೂಟ್‌ನಲ್ಲಿದ್ದೆ ಅಲ್ವೇನಮ್ಮ?"

"ನಂಗೆ ಎಲ್ಲರೂ ಯಾವಾಗಲೂ ಮ್ಯೂಟೇ ಸರ್. ತುಟಿ ನೋಡ್ತೀನಿ," ಎಂದು ಬರೆದಳು.

ಅವಳಿಗೆ ಹುಟ್ಟಿನಿಂದ ಕಿವಿ ಕೇಳಿಸದೆಂಬುದು ಎಲ್ಲರಿಗೂ ಗೊತ್ತಿತ್ತು. ಪರದೆಯ ಕೆಳಗೆ ತಾನಾಗಿ ಮೂಡುವ ಅಕ್ಷರಗಳನ್ನು ಓದಿಕೊಳ್ಳುತ್ತಾಳೆ ಎಂದುಕೊಂಡಿದ್ದರು. ಆ ಅಕ್ಷರಗಳೋ ಬೆಲೆಯನ್ನು ಬಲೆ, ಗೊಂಬೆಯನ್ನು ಕೊಂಬೆ ಮಾಡುತ್ತಿದ್ದವು. ಅವಳು ಮೊದಲ ವಾರವೇ ಅವುಗಳ ಸಹವಾಸ ಬಿಟ್ಟಿದ್ದಳು. ಯಾರ ಮೈಕು ಆನ್, ಯಾರದು ಆಫ್ ಎಂದು ನೋಡುವ ಅಭ್ಯಾಸವೇ ಅವಳಿಗಿರಲಿಲ್ಲ. ಇಷ್ಟು ದಿನ ಮ್ಯೂಟ್ ಮಾಡಿ ಗೊಣಗಿದ್ದೆಲ್ಲ ಒಬ್ಬೊಬ್ಬರಿಗೂ ನೆನಪಾಗತೊಡಗಿತು. ಮ್ಯಾನೇಜರನ್ನು 'ಹಳೇ ಕುಕ್ಕರು, ಸೀಟಿ ಜಾಸ್ತಿ, ಬೇಯೋದು ಕಮ್ಮಿ' ಎನ್ನುತ್ತಿದ್ದ ಲೆಕ್ಕದ ವಿಭಾಗದ ಅಕ್ಕನಂತೂ ನಾಲಗೆ ಕಚ್ಚಿಕೊಂಡಳು.

ಮುಂದಿನ ಮೀಟಿಂಗಿಗೆ ಹುಡುಗಿ ಬಂದು ನೋಡಿದರೆ ಎಲ್ಲರ ಕ್ಯಾಮೆರಾ ಬಂದ್. ಸಾಲಾಗಿ ಕಪ್ಪು ಚೌಕಗಳು.

"ನನ್ನ ನೆಟ್ ಹೋಗಿದೆಯಾ?"

"ಇಲ್ಲಮ್ಮ, ಹೀಗೇ ಆರಾಮ ಅಂತ," ಮ್ಯಾನೇಜರು ಬರೆದರು.

ಒಂದೊಂದು ಚೌಕದ ಅಂಚು ಹಸಿರಾಗಿ ಹೊಳೆದು ಆರುತ್ತಿತ್ತು. ಯಾರೋ ಮಾತಾಡುತ್ತಿದ್ದಾರೆ ಎಂಬುದಷ್ಟೇ ತಿಳಿಯುತ್ತಿತ್ತು. ಒಮ್ಮೆಗೇ ಎಲ್ಲ ಚೌಕಗಳೂ ಮಿನುಗಿದವು. ಎಲ್ಲರೂ ನಗುತ್ತಿರಬೇಕು. ಅವಳು ಬರೆದಳು: "ಯಾರ ಮಾತೂ ಇನ್ನೊಬ್ಬರಿಗೆ ಹೇಳಲ್ಲ. ಮುಖ ತೋರಿಸಿ. ಈ ಕತ್ತಲಲ್ಲಿ ನಂಗೇನೂ ಕೇಳಿಸ್ತಿಲ್ಲ."

ಮೊದಲು ಕ್ಯಾಮೆರಾ ತೆರೆದದ್ದು ಲೆಕ್ಕದ ಅಕ್ಕ, ಒದ್ದೆ ತಲೆಗೆ ಟವೆಲು ಸುತ್ತಿಕೊಂಡು. ಉಳಿದವರೂ ಒಬ್ಬೊಬ್ಬರಾಗಿ ಬಂದರು. ಕೊನೆಗೆ ಮ್ಯಾನೇಜರು, ಬಾಯಿಗೆ ಕಾಫಿ ಕಪ್ಪು ಅಡ್ಡ ಹಿಡಿದು.

"ಕಪ್ ಕೆಳಗಿಡಿ ಸರ್."

ಅವರು ಇಟ್ಟರು. ಮೈಕು ಆನ್ ಇಟ್ಟುಕೊಂಡೇ, "ಕತ್ತೆ ನಂಗೆ ಇಷ್ಟ ಆಗಿಲ್ಲ. ಯಜಮಾನರ ಮಗಳಿಗೆ ನಾನೇ ಹೇಳ್ತೀನಿ," ಎಂದರು. ಅಲ್ಲಿಂದ ಮುಂದಿನ ತಿಂಗಳ ಗುರಿಗಳ ಪುರಾಣ ಶುರುವಾಯಿತು.

ಆಗ ಲೆಕ್ಕದ ಅಕ್ಕ ತನ್ನ ಮೈಕನ್ನು ಆಫ್ ಮಾಡಿ, ಕ್ಯಾಮೆರಾಕ್ಕೆ ಹತ್ತಿರ ಸರಿದು, ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ ಏನೋ ಹೇಳಿದಳು. ಹುಡುಗಿ ಕಿಸಕ್ಕನೆ ನಕ್ಕಳು.

"ಏನಾಯ್ತಮ್ಮ?" ಮ್ಯಾನೇಜರು ಕೇಳಿದರು.

"ಏನಿಲ್ಲ ಸರ್," ಎಂದು ಬರೆಯುವಷ್ಟರಲ್ಲಿ ಇನ್ನಿಬ್ಬರ ಮೈಕು ಆಫ್ ಆಗಿ, ಎರಡು ಮುಖಗಳು ಮೂಗು ತಾಗುವಷ್ಟು ಹತ್ತಿರ ಬಂದಿದ್ದವು.